ಪಟ್ಟಿ ಬಿಗಿಯುವ ಕೈ

ದರ ಕೇಳಬೇಡ ಟಾರ್ಕ್ವಿಲ್, ಮೊದಲೇ ದರ ಕೇಳಬೇಡ.
ಫೋನೆತ್ತಿ ಇಷ್ಟೇ ಹೇಳು:
ಮೋಟರ್‌ಸೈಕಲ್ ಒಂದಿದೆ, ನೂರಾ ಎಂಬತ್ತು ಕಿಲೋ,
ಥರ್ಸೋದಿಂದ ಸ್ಟ್ರಾಮ್‌ನೆಸ್ಸಿಗೆ, ನಡುವೆ ಕಡಲು.
ಆಮೇಲೆ ಬಾಯಿ ಮುಚ್ಚಿಕೊಂಡು ಕೂತಿರು.
ಅತ್ತಲವನು ಮೊದಲು ಏನು ಕೇಳುತ್ತಾನೋ
ಅದರಲ್ಲಿದೆ ಅವನ ಜಾತಕ.

ಮುಂಗಡ ಎಷ್ಟು ಅಂದರೆ ಇಟ್ಟುಬಿಡು.
ತಳ್ಳಿದರೆ ಗಾಲಿ ಉರುಳುತ್ತಾ, ಬ್ರೇಕು ಕಚ್ಚಿಕೊಂಡಿದೆಯಾ
ಅಂದರೆ
ಪೆನ್ಸಿಲ್ ಹುಡುಕು, ಹೆಸರು ಬರಕೋ.

ನನಗೆ ಇದನ್ನು ಮನುಷ್ಯರು ಯಾರೂ ಹೇಳಿಕೊಡಲಿಲ್ಲ.
ಒಂದು ಗೇರ್‌ಬಾಕ್ಸ್ ಹೇಳಿಕೊಟ್ಟಿತು.
ಅದು ಮೂವತ್ತೊಂದು ಕಿಲೋ, ಅವರ ಮಿತಿ ಮೂವತ್ತು.
ಆ ಒಂದು ಕಿಲೋವನ್ನು ನಾನು ಚೀಟಿಯಲ್ಲಿ ಬರೆಯಲಿಲ್ಲ.
ಬಾಳೆಹಣ್ಣಿನ ರಟ್ಟಿನ ಡಬ್ಬ, ಹಳೇ ಪತ್ರಿಕೆ, ಅಂಟುಪಟ್ಟಿ,
ಎಲ್ಲದರ ಕೆಳಗೆ ನನ್ನದೊಂದು ಸುಳ್ಳು.
ಪರ್ತ್‌ನ ಗೋದಾಮಿನಲ್ಲಿ ತಳ ಕಿತ್ತು ಎಣ್ಣೆ ಸೋರಿ
ಯಾರದೋ ಮದುವೆಯ ಬಿಳಿ ಗೌನಿಗೆ
ಮೊಣಕಾಲವರೆಗೆ ಕಪ್ಪು ಕುಡಿಸಿತಂತೆ.
ಪರದೆಯ ಮೇಲೆ ಮಾತ್ರ ಹನ್ನೊಂದು ದಿನ
ದಾರಿಯಲ್ಲಿದೆ, ದಾರಿಯಲ್ಲಿದೆ.
ದಾರಿಯಲ್ಲಿ ಯಾವುದು ತಾನೇ ಇಲ್ಲ, ಹೇಳು.

ಇನ್ನೊಬ್ಬ ಬಂದಿದ್ದ, ವ್ಯಾನು ಕನ್ನಡಿಯ ಹಾಗೆ.
ಹಿಡಿಕೆಗೇ ಪಟ್ಟಿ ಬಿಗಿದ, ಗಂಟಿನ ಮೇಲೆ ಗಂಟು,
ಬಾಯ್ತುಂಬ ಚಿಂತೆ ಬಿಡಿ, ಚಿಂತೆ ಬಿಡಿ.
ಮೊದಲ ತಿರುವಿಗೇ ಬೈಕು ಮಗ್ಗುಲಾಗಿ
ಕ್ಲಚ್ಚಿನ ಸನ್ನೆ ಮುರಿಯಿತು.
ಮೊದಲೇ ಮುರಿದಿತ್ತು ಅಂದ.
ಅವತ್ತಿನಿಂದ ನಾಲ್ಕೂ ಮಗ್ಗುಲ ಫೋಟೋ ತೆಗೆಯುತ್ತೇನೆ,
ಅಡಿಯದೂ ಒಂದು, ಅಂಗಳಕ್ಕೆ ಬೆನ್ನುಕೊಟ್ಟು ಮಲಗಿ.
ಕೈಕೊಡುವವರು ಬೇಕಾದಷ್ಟು ಮಾರಾಯ,
ಕೈಹಚ್ಚುವವರದೇ ಬರ.

ಡಾಲೀನಾ ಗನ್ ಬಂದದ್ದು ಕುದುರೆ ಒಯ್ಯುವ ಗಾಡಿಯಲ್ಲಿ.
ಒಳಗೆ ಇನ್ನೂ ಹುಲ್ಲಿನ ವಾಸನೆ.
ನೀನು ನಕ್ಕೆ, ನಾನು ನೋಡಿದೆ.
ಬೈಕಿಗೆ ಒಂದು ಸುತ್ತು ಬಂದಳು, ಟ್ಯಾಂಕಿನ ಮೇಲೆ
ಅಂಗೈ ಇಟ್ಟಳು, ಅದೂ ಬೆದರೀತು ಎಂಬ ಹಾಗೆ.
ಪೆಟ್ರೋಲು ಕಾಲು ಭಾಗಕ್ಕೆ ಇಳಿಸು ಅಂದಳು.
ಹಿಡಿಕೆಗೆ ಬೇಡ, ಕೆಳಗಿನ ನೊಗಕ್ಕೆ ಹಾಕು ಪಟ್ಟಿ,
ಮುಂದಿನ ಸ್ಪ್ರಿಂಗು ಅರ್ಧ ಕೂರಬೇಕು, ಪೂರ್ತಿ ಅಲ್ಲ,
ಉಸಿರಾಡಲು ಅದಕ್ಕೂ ಜಾಗ ಬೇಕು.
ಆಮೇಲೆ ಕೇಳಿದಳು,
ಆಚೆ ದಡದಲ್ಲಿ ಇಳಿಸಿಕೊಳ್ಳೋರು ಎಷ್ಟು ಜನ?

ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಕೊಂಡವನು ಫ್ಲೆಟ್ ಮುದುಕ, ಒಂಟಿ,
ಬಲಗೈ ಎತ್ತಲಾಗದು ಎಂದು ಪತ್ರದಲ್ಲೇ ಬರೆದಿದ್ದ,
ಎಡಗೈಯ ಸೊಟ್ಟ ಅಕ್ಷರದಲ್ಲಿ.
ಓದಿದ್ದೆ. ಓದಿ, ಬಿಲ್ಲಿನ ಜೊತೆ ಮೊಳೆಗೆ ಚುಚ್ಚಿದ್ದೆ.
ಅವಳು ಅಲ್ಲೇ ನಿಂತು ಫೋನು ಮಾಡಿದಳು,
ಅವನ ಪಕ್ಕದ ಹೊಲದ ಇಬ್ಬರು ಹುಡುಗರನ್ನು ಗೊತ್ತು ಮಾಡಿದಳು.

ಇನ್ನೇನು ಹೊರಟಳು ಅನ್ನುವಾಗ ಆಕಾಶ ನೋಡಿ
ಇವತ್ತಾಗಲ್ಲ ಅಂದಳು.
ಪಡುವಣ ಗಾಳಿ, ಹಡಗು ಒಂದೇ ಕಡೆ ವಾಲುತ್ತೆ.
ನೀನು ಒದ್ದಾಡಿದೆ: ಅಳುಕುವವಳ ಕೈಗೆ ಕೊಡೋದಾ?
ನನಗೆ ಅಷ್ಟು ಹೊತ್ತಿಗೆ ನಿಕ್ಕಿಯಾಗಿತ್ತು.
ಹೂಂ ಎನ್ನುವುದು ಗಂಟಲಿನ ಕೆಲಸ.
ಆಗಲ್ಲ ಎನ್ನಲು ಅದೇ ಹಡಗಿನಲ್ಲಿ
ಎಷ್ಟು ಸಲ ತೂರಾಡಿರಬೇಕೋ.

ಮೂರು ದಿನ ಬೈಕು ತಾಡಪಾಲಿನ ಕೆಳಗಿತ್ತು.
ನಾಲ್ಕನೆಯ ದಿನ ಒಯ್ದಳು.
ಆರನೆಯ ದಿನ ಬಂದಳು, ಇತ್ತ ಕಡೆ ಕೆಲಸವಿಲ್ಲದಿದ್ದರೂ,
ನಮ್ಮ ನಾಲ್ಕು ಪಟ್ಟಿ ಸುರುಳಿ ಸುತ್ತಿ ತಂದು
ಮೇಜಿನ ಮೇಲಿಟ್ಟಳು.
ಒಂದನ್ನು ಬೇರೆ ಇಟ್ಟಳು:
ಇದರ ಹೊಲಿಗೆ ಬಿಟ್ಟಿದೆ, ಬಿಸಾಕಿ.
ನನ್ನದೊಂದು ಹಾಕಿ ಕಟ್ಟಿದ್ದೆ.

ದರ ಹೆಚ್ಚೇ.
ಬರಕೋ.
ಅಲ್ಲಿ ಮೂಲೆಯಲ್ಲಿರುವ ಎಂಜಿನ್ನು ತೂಗು ಈಗ,
ಮುಳ್ಳು ಎಲ್ಲಿ ನಿಂತಿತೋ ಅಲ್ಲಿಗೇ ಬರಿ.