ಗಾಡಿ ಗೇಟಿನ ಹೊರಗ

ದೀಪಾವಳಿ ದಾಟಿ ಎಂಟು ದಿನಕ್ಕ
ನನ್ನ ಗ್ಯಾರೇಜಿಗೆ ಬೈಕ್ ಬರೋದು ನಿಲ್ತಾವ.
ರಾಯಚೂರಿನ ಬಿಸಲು ಆಗ ಬಾಯಿ ಮುಚ್ಚಿರ್ತದ,
ಗಾಡಿ ಓಡಿಸಾಕ ಇದಕ್ಕಿಂತ ಛಲೋ ಕಾಲ ಇಲ್ಲ,
ಆದ್ರ ಅದೇ ಕಾಲಕ್ಕ ನಮ್ಮ ಹುಡುಗರು ಗಾಡಿ ಇಳೀತಾರ.

ಬೂದೆಪ್ಪ, ಲಾಲಸಾಬ, ಕರೇಗುಡ್ಡದ ಜಂಬಣ್ಣ:
ಕೃಷ್ಣಾ ಸೇತುವಿ ಮ್ಯಾಲ ಹ್ಯಾಂಡಲ್ ಬಿಟ್ಟು
ಎರಡೂ ಕೈ ಚಾಚಿ ಹೋಗೋ ಮಂದಿ,
ಹತ್ತಿ ಬಂತಂದ್ರ ಜಿನ್ನಿಂಗ್ ಮಿಲ್ಲಿನಾಗ
ಡೋಜರ್ ಟ್ರ್ಯಾಕ್ಟರ್ ಹತ್ತಿ ಕುಂದರ್ತಾರ.
ನಾಲ್ಕು ತಿಂಗಳ ಪಗಾರ.
ನನಗೂ ಕೆಲಸ ಅದೇ: ಟ್ರ್ಯಾಕ್ಟರ್ ಸೈಲೆನ್ಸರಿಗೆ
ತಂತಿ ಜಾಳಿಗಿ ಬೆಸೆಯೋದು.
ಒಂದು ಕಿಡಿ ಹಾರಿದ್ರ ಮಿಲ್ಲೇ ಇರಂಗಿಲ್ಲ.

ಬೈಕ್ ಒಳಗ ಬಿಡಂಗಿಲ್ಲ.
ಹನುಮವ್ವ ಗೇಟಿಗೆ ಅಡ್ಡ ನಿಂತು
ಬೀಡಿ, ಕಡ್ಡಿಪೆಟ್ಟಿಗಿ, ಲೈಟರು
ಎಣಿಸಿ ಎಣಿಸಿ ಎಣ್ಣಿ ಡಬ್ಬಿಗೆ ಹಾಕ್ತಾಳ.
ಬೇವಿನ ಗಿಡದ ಕೆಳಗ ಹನ್ನೊಂದು ಗಾಡಿ,
ಗ್ವಾಡಿ ಹಾರಿ ಬಂದ ನವಿರು ಹತ್ತಿ
ಸೀಟಿನ ಮ್ಯಾಲ, ಮೀಟರಿನ ಮ್ಯಾಲ.

ಒಳಗ ಎರಡಾಳು ಎತ್ತರದ ಬಿಳಿ ಗುಡ್ಡ.
"ಮಾಮಾ, ಗಾಲಿ ಸಪ್ಪಳ ಇಲ್ಲ, ಕೆಳಗ
ನೆಲ ಅದನೋ ಇಲ್ಲೋ ತಿಳಿಯಂಗಿಲ್ಲ" ಅಂತಾನ ಲಾಲಸಾಬ.
ರಾತ್ರಿ ಪಾಳಿಗೆ ಕೆಮ್ಮು ಬರ್ತದ,
ಮೂಗಿನಾಗ, ಹುಬ್ಬಿನಾಗ ಹತ್ತಿ,
ಮೂವತ್ತಕ್ಕ ಮುದುಕರು.

ಡಿಸೆಂಬರಿನಾಗ ಗುಂಟೂರಿನ ಲಾರಿ ಡ್ರೈವರ್ ಒಬ್ಬ
ಚಾದಂಗಡಿಯಾಗ ಫೋನ್ ತೋರಿಸಿದ.
ಯಾವುದೋ ಥಂಡಿ ದೇಶ. ಅಲ್ಲಿ ಬೈಕಿನ ಮಂದಿ
ಚಳಿಗಾಲಕ್ಕ ಬೈಕಿಗೆ ಗುಬಟಿ ಹೊಚ್ಚಿ
ಬ್ಯಾರೆ ಗಾಡಿ ಹತ್ತತಾರ:
ಮುಂದ ಎರಡು ಹಲಗಿ, ಹಿಂದ ರಬ್ಬರ್ ಪಟ್ಟಾ,
ಬರ್ಫದ ಮ್ಯಾಲ ಸರ್ರಂತ.
ಬೂದೆಪ್ಪ ಏಳು ಸಲ ನೋಡಿದ. ಚಾ ಆರಿತು.
ನಾನು ಕೇಳಿದೆ, "ಬ್ರೇಕ್ ಎಲ್ಲಿ ಅದಾವ?"
ಯಾರೂ ಉತ್ತರ ಕೊಡಲಿಲ್ಲ.

ಮರುದಿನ ಜಂಬಣ್ಣ ಬಂದು
ನನ್ನ ಗುಜರಿಯಾಗ ಕೈ ಹಾಕಿದ.
ಹಳೇ ಲೂನಾದ ಹ್ಯಾಂಡಲ್, ಹೆಡ್‌ಲೈಟಿನ ಗೂಡು,
ಮುರಿದ ಚಕ್ಕಡಿಯ ಎರಡು ಹಲಗಿ.
ಇಂಜಿನ್ ಬ್ಯಾಡ ಅಂದೆ. ಕಿಡಿ.
"ಇಂಜಿನ್ ಯಾಕ ಬೇಕು, ಇಳಿಜಾರು ಅದ" ಅಂದ.
ಬೆಸುಗಿ ನನ್ನದು. ಅದೊಂದು ಒಪ್ಕೋತೀನಿ.

ಅಮಾಸಿಗೆ ಮಿಲ್ಲು ಬಂದ್.
ಗುಡ್ಡದ ತುದಿಗೆ ಹೊತ್ತೊಯ್ದ್ರು.
ಮೊದಲು ಜಂಬಣ್ಣ, ಬಾಯಿಂದನೇ
ಗೇರ್ ಬದಲಿಸಿಕೊಂತ ಬಂದ,
ಅರ್ಧಕ್ಕ ಹಲಗಿ ಹೂತು ಮುಗ್ಗರಿಸಿ
ಹತ್ತಿಯೊಳಗ ಸೊಂಟದ ತನಕ ಹೋದ.
ಎಳೆದ್ರ ಒಂದು ಚಪ್ಪಲಿ ಬರಲಿಲ್ಲ.
"ಒಳಗ ಬಿಸಿ ಅದಲೋ!" ಅಂದ.
ಹೌದು, ಹಸಿ ಹತ್ತಿ ಒಟ್ಟಿದ್ರ ಒಳಗೊಳಗ ಕಾಯ್ತದ,
ನಮ್ಮೂರ ಬರ್ಫ ಅಂಥಾದ್ದು.

ಎರಡನೇ ಸಲ ಬೂದೆಪ್ಪ ಸೀದಾ ತಳಕ್ಕ ಬಂದ.
ಹಿಂತಿರುಗಿ ನೋಡಿದ್ರ ಹನುಮವ್ವ,
ಕೈಯಾಗ ಬಡಿಗಿ.
ಹ್ಯಾಂಡಲ್ ನೋಡಿದಳು, ಗುಡ್ಡ ನೋಡಿದಳು,
"ಹಿಂದ ಸೀಟ್ ಇಲ್ಲೇನು?" ಅಂದಳು.

ಸೋಮವಾರ ಸಾಹುಕಾರ ಎರಡು ಗೀರು ಕಂಡ.
ಹಾವು ಅಂದ್ರು ಇವರು. ಆತ ನಂಬಲಿಲ್ಲ.
ಮೂವರಿಗೂ ಎರಡೆರಡು ದಿನದ ಪಗಾರ ಕಟ್.
ಹನುಮವ್ವನ್ನ ಕೇಳಿದ್ರ,
ಡಬ್ಬಿಯಾಗಿನ ಕಡ್ಡಿಪೆಟ್ಟಿಗಿ ಲೆಕ್ಕ ಒಪ್ಪಿಸಿದಳು.

ಶಿವರಾತ್ರಿಗೆ ಗುಡ್ಡ ಕರಗಿ ಗಂಟಾಗಿ ಲಾರಿ ಏರಿತು.
ಚಪ್ಪಲಿ ಸಿಗಲಿಲ್ಲ, ಯಾವ ಗಂಟಿನಾಗ
ಯಾವ ಊರಿಗೆ ಹೋತೋ.
ಬೈಕ್ ಎಲ್ಲಾ ನನ್ನ ಬಾಗಿಲಿಗೆ ಬಂದ್ವು,
ಕಿಕ್ ಹೊಡದ್ರ ಬರೇ ಕೆಮ್ಮು.
ಲಾಲಸಾಬನ ಏರ್ ಫಿಲ್ಟರ್ ಬಿಚ್ಚಿದೆ,
ಹಿಡಿ ತುಂಬ ಹತ್ತಿ.
ಹೊರಗ ಡಾಂಬರು ಆಗಲೇ ಮೆತ್ತಗಾಗಿತ್ತು.
ಆಯಿಲ್ ಕೈ ಅದರಾಗೇ ಒರಸಿಕೊಂಡು
"ಈಗ ಹೊಡಿ" ಅಂದೆ.