ಇಪ್ಪತ್ತು ಡಿಗ್ರಿ

ಬಂದರಿನ ಐಸ್ ಫ್ಯಾಕ್ಟರಿಯಿಂದ
ಇಪ್ಪತ್ತು ರೂಪಾಯಿಯ ತುಂಡು, ಗೋಣಿಯಲ್ಲಿ ಸುತ್ತಿ ತರುತ್ತೇನೆ.
ಮೇ ತಿಂಗಳ ಮಂಗಳೂರಿನ ನಲ್ಲಿನೀರು ಮೂವತ್ತೊಂದು ಡಿಗ್ರಿ;
ಡಿ-76 ಕೇಳುವುದು ಇಪ್ಪತ್ತು.

ರೋಡಿನಾಲ್ ಹಾಕು, ಗೆರೆಗೆರೆಯೂ ಕತ್ತಿ, ಎನ್ನುತ್ತಾನೆ ವಲೇರಿಯನ್.
ಹಾಕಿದ್ದೆ. ಕತ್ತಿಯೇ ಆಯಿತು:
ಬಂಗುಡೆಯ ಬೆನ್ನು ಇನ್ನೊಮ್ಮೆ ಕೊಯ್ದ ಹಾಗೆ,
ಆಕಾಶದ ತುಂಬ ತಣ್ಣೀರುಬಾವಿಯ ಮರಳು.
ಟ್ರೈ-ಎಕ್ಸ್‌ನಲ್ಲಿ ನೆರಳೆಲ್ಲ ಮಸಿ.
ಡೆಲ್ಟಾದಲ್ಲಿ ಧಕ್ಕೆಯೂ ಆಸ್ಪತ್ರೆಯಷ್ಟು ಶುಭ್ರ.
ಎಚ್‌ಪಿ-ಫೈವ್ ಒಂದು ರೋಲು ಉಳಿದಿತ್ತು.

ಹನ್ನೊಂದು ನಿಮಿಷ.
ನಿಮಿಷಕ್ಕೊಮ್ಮೆ ಡಬ್ಬಿ ತಲೆಕೆಳಗು.
ಕತ್ತಲ ಬಚ್ಚಲಲ್ಲಿ ಕರಗುವ ಐಸಿನಿಂದ
ಮೆಲ್ಲಗೆ ಬೂತಾಯಿಯ ವಾಸನೆ.

ಜಲಜಕ್ಕ ಕೈ ಒರೆಸಿಕೊಂಡು ಪ್ರಿಂಟು ಹಿಡಿದಳು.
ಮುಖ ನೋಡಲಿಲ್ಲ.
"ಇದು ಯಾವ ಸೀರೆ ಮಾರಾಯ್ರೆ?"
ನೀವೇ ಹೇಳಿ, ಎಂದೆ.
ಬೂದು ಬಣ್ಣದ ಮೇಲೆ ಬೆರಳಿಟ್ಟು
ಗಿರಾಕಿ ಕಾಯುತ್ತಿದ್ದರೂ ತುಸು ಹೊತ್ತು ನಿಂತಳು.
"ಪಚ್ಚೆ. ಮಗಳ ಮದುವೆಯದ್ದು.
ಅಂಚು ಕೆಂಪು ಉಂಟು, ನೋಡಿ."

ನನ್ನ ಕಣ್ಣಿಗೆ ಅಂಚೂ ಒಡಲೂ
ಒಂದೇ ಬೂದು.

ಹತ್ತು ರೋಲು ಎಚ್‌ಪಿ-ಫೈವ್ ತರಿಸಿದೆ.
ವಲೇರಿಯನ್‌ಗೆ ಕಾರಣ ಹೇಳಿಲ್ಲ;
ಗ್ರೇನ್ ಚೆನ್ನಾಗಿದೆ, ಎಂದೆ.