ಮಂಗಳವಾರದ ರಜೆ

ಮಂಗಳವಾರ ನಮ್ಮ ಕತ್ತರಿಗೆ ರಜೆ.
ಷಟರ್ ಎಳೆದ ಅಂಗಡಿಯೊಳಗೆ ಎರಡು ಕುರ್ಚಿ
ಒಂದರ ಮುಖ ಒಂದು ನೋಡದೆ ಕೂತಿರುತ್ತವೆ.
ನಾನು ಟಿ.ವಿ. ಸ್ಟೇಷನ್ ಕೆರೆಯ ಏರಿ ಮೇಲೆ,
ಬೇವಿನ ನೆರಳು ಮೊಣಕಾಲ ತನಕ ಮಾತ್ರ ಬರುವ ಒಂದು ಕಲ್ಲಿನ ಮೇಲೆ.
ಬಿದಿರ ಕೋಲು, ಐದು ರೂಪಾಯಿ ಗಾಳ,
ನವಿಲುಗರಿಯ ದಂಟಿನ ಬೆಂಡು,
ಚಹಾದಂಗಡಿ ಹಿಂದಿನ ಹಸಿಮಣ್ಣು ಕೆದಕಿ ತಂದ ಎರೆಹುಳು
ಶೇವಿಂಗ್ ಕ್ರೀಮಿನ ಖಾಲಿ ಡಬ್ಬಿಯಲ್ಲಿ.

ನೀರನ್ನು ಕನ್ನಡಿ ಅನ್ನಬೇಡಿ.
ಕನ್ನಡಿ ನನ್ನ ಡ್ಯೂಟಿ; ಇವತ್ತು ಡ್ಯೂಟಿಯಿಲ್ಲ.
ಇದು ನೀರು. ಭದ್ರಾ ಕಾಲುವೆಯಿಂದ ಬಂದದ್ದು.
ಹಸಿರು, ಸ್ವಲ್ಪ ಪಾಚಿ ವಾಸನೆ.
ಒಂದು ಚಪ್ಪಲಿ ತೇಲುತ್ತಿದೆ, ಎಡಗಾಲಿನದು.

ಪಕ್ಕದಲ್ಲಿ ಖಲಂದರ್,
ಮಂಡಕ್ಕಿ ಭಟ್ಟಿಯ ರಾತ್ರಿಪಾಳಿ ಮುಗಿಸಿ ಮನೆಗೆ ಹೋಗದೆ ಬಂದವನು.
ರೆಪ್ಪೆಯ ಮೇಲೆ ಇನ್ನೂ ಬೂದಿ.
"ಅಲ್ಲಿ ಮರಳು ಕಾಯ್ತೈತಿ, ಇಲ್ಲಿ ನಾವು ಕಾಯ್ತೀವಿ.
ಅಲ್ಲಿ ಅಕ್ಕಿಯಾದ್ರೂ ಅರಳ್ತೈತಿ" ಎಂದು
ಕೋಲು ಹಿಡಿದುಕೊಂಡೇ ತೂಕಡಿಸಿದ.

ವಾಕಿಂಗಿನ ಮಂದಿ ಸುತ್ತು ಹೊಡೆಯುತ್ತಾರೆ.
ಪ್ರತಿ ಸುತ್ತಿಗೂ ಅದೇ: "ಏನಾದ್ರೂ ಬಿತ್ತೇನ್ರಿ?"
ಮಿಲ್ಲಿನಲ್ಲಿ ಹರಿದ ನೂಲು ಕೂಡಿಸುತ್ತಲೇ ನಿವೃತ್ತರಾದ ಬಕ್ಕಪ್ಪನವರು
ನಾಲ್ಕು ಸಲ ಕೇಳಿದರು.
ಐದನೆಯ ಸುತ್ತಿಗೆ ಕೇಳದೆ ಬಂದು ಕೂತರು.
"ಡಾಕ್ಟ್ರು ಏಳು ಸುತ್ತು ಹೇಳ್ಯಾರ.
ಉಳಿದೆರಡು ನೀವು ಎಣಿಸ್ಕೊಳ್ರಿ."

ವಾಚ್‌ಮನ್ ತಿಪ್ಪೇಶಿ ಶಿಳ್ಳೆ ಊದುತ್ತಾ ಬಂದ.
"ಬೋರ್ಡ್ ಓದ್ಲಿಲ್ಲೇನ್ರಿ? ಮೀನು ಹಿಡಿಯಂಗಿಲ್ಲ."
"ಓದೀವಿ. ಎಲ್ಲಿ ಹಿಡಿದೀವಿ, ತೋರ್ಸು."
ಬಗ್ಗಿ ಬಕೆಟ್ ನೋಡಿದ. ಬರೀ ನೀರು.
ಅವನಿಗೇ ಬೇಜಾರಾಗಿ,
"ಹುಳ ದಪ್ಪಾತು. ಅರ್ಧ ಮಾಡಿ ಚುಚ್ರಿ" ಅಂದ.

ಅರ್ಧ ಮಾಡಿ ಚುಚ್ಚಿದೆ.

ಅಂಗಡಿಯಲ್ಲಿ ನಾನು ಮಾತಿನವನು.
ಮಳೆ, ಎಲೆಕ್ಷನ್, ಯಾರದೋ ಮಗಳ ನಿಶ್ಚಿತಾರ್ಥ,
ಕತ್ತರಿಗಿಂತ ಒಂದು ಹೆಜ್ಜೆ ಮುಂದೆ ನಾಲಿಗೆ ಓಡಬೇಕು.
ಇಲ್ಲಿ ಒಂದು ತಾಸು, ಎರಡು ತಾಸು,
ಬೆಂಡಿನ ಮೇಲೆ ಕಣ್ಣಿಟ್ಟರೆ
ಬಾಯೊಳಗೆ ನಾಲಿಗೆ ಮಲಗಿದಲ್ಲೇ
ಮಗ್ಗುಲು ಬದಲಿಸುತ್ತದೆ.

ಬೆಂಡು ಒಮ್ಮೆ ಕಣ್ಣು ಹೊಡೆಯಿತು.
ಮತ್ತೇನಿಲ್ಲ.
ಆಮೇಲೆ ಪುಸಕ್ಕನೆ ಒಳಗೆ.

ಎಳೆದೆ. ಅಂಗೈಯಗಲದ ಜಿಲೇಬಿ ಮೀನು,
ಬೆನ್ನಿನ ಮುಳ್ಳು ನಿಮಿರಿಸಿಕೊಂಡು ಬೈಯುತ್ತಾ ಮೇಲೆ ಬಂತು.
ಕೆಳತುಟಿಯಲ್ಲಿ ಆಗಲೇ ಒಂದು ಗಾಳ,
ತುಕ್ಕು ಹಿಡಿದದ್ದು, ಅದಕ್ಕೆ ಗೇಣುದ್ದ ನೀಲಿ ದಾರ.
ಗಂಟು ನೋಡಿದೆ. ನನ್ನದೇ.
ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟುವ ಗಂಟು:
ಎಳೆದರೆ ಬಿಗಿಯಬಾರದು, ಬಿಟ್ಟರೆ ಸಡಿಲಬಾರದು,
ಅಪ್ಪ ಕಲಿಸಿದ್ದು.
ಹೋದ ಮಂಗಳವಾರ ಹರಿದುಕೊಂಡು ಹೋದದ್ದು ಇದೇ.

"ಖಾಯಂ ಗಿರಾಕಿ" ಅಂದ ಖಲಂದರ್, ಕಣ್ಣು ಬಿಡದೆ.

ಜೇಬಿನಿಂದ ಮೀಸೆ ಕತ್ತರಿ ತೆಗೆದೆ.
ಹೊಸದು ಬಿಡಿಸಿದೆ. ಹಳೆಯದನ್ನು ಮೆಲ್ಲಗೆ ಅಲುಗಿಸುವಾಗ
ರೂಢಿ ನೋಡಿ, ಬಾಯಿಂದ ಬಂದೇಬಿಟ್ಟಿತು:
"ಉರೀತೇನ್ರಿ?"

ಮೂವರೂ ನಕ್ಕರು. ಆ ನಗುವಿನ ನಡುವೆ
ಮೀನು ಕೈಯಲ್ಲಿ ಇರಲಿಲ್ಲ.

ಬಿಟ್ಟ, ಅಂದ ತಿಪ್ಪೇಶಿ.
ಜಾರಿತು, ಅಂದರು ಬಕ್ಕಪ್ಪ.
ಮೂವತ್ತೊಂದು ವರ್ಷ ಈ ಕೈಯಿಂದ ಬ್ಲೇಡು ಜಾರಿಲ್ಲ
ಅಂತ ಹೇಳಹೊರಟು ಸುಮ್ಮನಾದೆ.
ಹೇಳಿದರೆ ಒಂದು ಕಡೆ ಸೇರಬೇಕಾಗುತ್ತಿತ್ತು.

ಖಲಂದರ್ ಟವೆಲಿನ ಗಂಟು ಬಿಚ್ಚಿ ಮಂಡಕ್ಕಿ ಹರವಿದ.
ಹಸಿಮೆಣಸಿನಕಾಯಿ, ಕಲ್ಲಿನಲ್ಲಿ ಗುದ್ದಿದ ಈರುಳ್ಳಿ.
ಬಕ್ಕಪ್ಪನವರು ಒಂದು ಹಿಡಿ ನೀರಿಗೆ ಎಸೆದರು.
ಬಿಳಿಬಿಳಿಯಾಗಿ ತೇಲುತ್ತಾ ಚಪ್ಪಲಿಯ ಕಡೆ ಹೋಯಿತು.
ಕೆಳಗಿನಿಂದ ಯಾವುದೋ ಬಾಯಿ
ಒಂದೊಂದೇ ಕಾಳು ಎಳೆದುಕೊಂಡಿತು,
ಕಲ್ಲು ಆರಿಸಿ ಉಣ್ಣುವವರ ಹಾಗೆ.

"ಏನಾದ್ರೂ ಬಿತ್ತೇನ್ರಿ?" ಹಿಂದೆ ಯಾರೋ ಹೊಸಬರು.
ಬಕ್ಕಪ್ಪನವರು ತಿರುಗದೆ ಹೇಳಿದರು:
"ಈಗಷ್ಟೇ ಎದ್ದು ಹೋತು."